ಮೂರು ಕಲ್ಲಿನಲ್ಲಿ ಮೂಡಿದ ಪ್ಯಾರಿಸ್

ಪ್ರಶ್ನೆ: ತುಲೂಸ್ ಲೊತ್ರೆಕ್‌ನ ‘ಮೂಲಾಂ ರೂಜ್’ ಪೋಸ್ಟರಿನ ನಕಲೊಂದು ನನ್ನ ಬಳಿ ಇದೆ. ಚಿತ್ರವಿರುವ ಪೋಸ್ಟರ್ ಆತನಿಂದಲೇ ಶುರುವಾಯಿತೇ? ಅಷ್ಟು ದೊಡ್ಡ ಚಿತ್ರದಲ್ಲಿ ನಾಲ್ಕೈದು ಬಣ್ಣ ಮಾತ್ರ ಏಕೆ?
– ಕಲಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆತನಿಂದಲ್ಲ. ಫ್ರೆಂಚ್ ಚಿತ್ರಕಾರ ಲೊತ್ರೆಕ್ ಪ್ಯಾರಿಸ್ಸಿನ ನೃತ್ಯಶಾಲೆ ಮೂಲಾಂ ರೂಜ್‌ಗಾಗಿ ಅದನ್ನು ಬರೆದದ್ದು 1891ರಲ್ಲಿ. ಅಷ್ಟು ಹೊತ್ತಿಗೆ ಜೂಲ್ ಶೆರೆ ಎಂಬ ಕಲಾವಿದ ಇಪ್ಪತ್ತೈದು ವರ್ಷಗಳಿಂದ ತನ್ನ ಪೋಸ್ಟರುಗಳಿಂದ ಪ್ಯಾರಿಸ್ಸಿನ ಗೋಡೆಗಳಿಗೆ ಬಣ್ಣ ತುಂಬುತ್ತಲೇ ಇದ್ದ. ಈ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯನಾದವನು ಅವನೇ. ಅಚ್ಚುಮೊಳೆ ಜೋಡಿಸುವವನ ಮಗ. ಹದಿಮೂರರ ಹರೆಯದಲ್ಲಿ ಕಲ್ಲಚ್ಚಿನ ಕೆಲಸ ಕಲಿಯಲು ಸೇರಿದ. ಕೆಲವು ವರ್ಷ ಲಂಡನ್ನಿನಲ್ಲಿ ದುಡಿದು, ಸುಗಂಧದ್ರವ್ಯದ ವ್ಯಾಪಾರಿ ರಿಮ್ಮೆಲ್ ಕೊಟ್ಟ ಹಣದ ನೆರವಿನಿಂದ 1866ರಲ್ಲಿ ಪ್ಯಾರಿಸ್ಸಿಗೆ ಮರಳಿ ಸ್ವಂತ ಮುದ್ರಣಾಲಯ ತೆರೆದ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಕಲ್ಲಿನಲ್ಲಿಯೇ ಇದೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೇವ ಮಾಡಿ, ಮಸಿಯ ರೋಲರ್ ಉರುಳಿಸುತ್ತಾರೆ. ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಜಾರುತ್ತದೆ. ಬಣ್ಣಕ್ಕೊಂದು ಕಲ್ಲು ಬೇಕು. ಪ್ರತಿ ಹಾಳೆಯೂ ಕಲ್ಲಿಗೊಂದು ಸಲ ಅಚ್ಚಿನಡಿ ಹಾಯಬೇಕು. ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಟ್ಟಿತು. ನಮ್ಮ ಮನೆಗಳ ರವಿವರ್ಮನ ಲಕ್ಷ್ಮಿ, ಸರಸ್ವತಿಯರೂ ಕಲ್ಲಿನಿಂದಲೇ ಬಂದವರು. ಆದರೆ ಅಲ್ಲಿ ತೈಲಚಿತ್ರದ ಕಾಂತಿ ತರಬೇಕಿತ್ತು, ಅದಕ್ಕಾಗಿ ಒಂದರ ಮೇಲೊಂದು ಹಲವು ಕಲ್ಲುಗಳನ್ನು ಬಳಸಿದರು. ಶೆರೆ ಬಹಳ ಸಲ ಮೂರೇ ಕಲ್ಲುಗಳಲ್ಲಿ ಮುಗಿಸಿದ: ಗೆರೆಗೆ ಕಪ್ಪು, ಮೈದುಂಬಿ ಕೆಂಪು, ಮೂರನೆಯದರಲ್ಲಿ ಮೇಲೆ ನೀಲಿ ಕೆಳಗೆ ಹಳದಿಯಾಗಿ ಕರಗುವ ಹಿನ್ನೆಲೆ. ಕುಂಚ ಮಾತ್ರ ಬಲ್ಲ ಕಲಾವಿದನಿಗೆ ಇದು ಹೊಳೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

1881ರ ಜುಲೈ 29ರ ಫ್ರಾನ್ಸಿನ ಪತ್ರಿಕಾ ಸ್ವಾತಂತ್ರ್ಯ ಕಾನೂನು ಪೋಸ್ಟರ್ ಅಂಟಿಸುವುದನ್ನೂ ಸಲೀಸಾಗಿಸಿತು. ಒಂದೇ ದಶಕದಲ್ಲಿ ಹುಚ್ಚು ಎಷ್ಟು ಹಿಡಿಯಿತೆಂದರೆ, ಸಂಗ್ರಾಹಕರು ಗೋಡೆಯ ಹಾಳೆಗಳನ್ನು ಅಂಟು ಒಣಗುವ ಮೊದಲೇ ಸುಲಿದು ಒಯ್ಯುತ್ತಿದ್ದರು. 1895ರಿಂದ 1900ರವರೆಗೆ ಆಯ್ದ ಪೋಸ್ಟರುಗಳ 256 ಕಿರು ಪ್ರತಿಗಳು ಚಂದಾದಾರರಿಗಾಗಿ ತಿಂಗಳು ತಿಂಗಳು ಅಚ್ಚಾದವು.

ಲೊತ್ರೆಕ್ ಸೇರಿಸಿದ್ದು ಧೈರ್ಯವನ್ನು. ಶೆರೆಯ ಹೆಂಗಸರು ಗಾಳಿಯಲ್ಲಿ ತೇಲುತ್ತ ನಗುತ್ತಾರೆ. ಜಪಾನಿನ ಮರದಚ್ಚಿನ ಚಿತ್ರಗಳನ್ನು ಮನಸಾರೆ ನೋಡಿದ್ದ ಲೊತ್ರೆಕ್ ನೆರಳನ್ನೂ ಉಬ್ಬುತಗ್ಗನ್ನೂ ಬಿಟ್ಟು ಬಣ್ಣವನ್ನು ಚಪ್ಪಟೆಯಾಗಿ ಹಾಸಿದ. ನಿಮ್ಮ ನಕಲನ್ನು ಗೋಡೆಗೆ ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಹಿಂದಿನ ಜನಜಂಗುಳಿ ಒಂದೇ ಕಪ್ಪು ಮುದ್ದೆ. ಮುಂದಿನ ಗಂಡಸು ಬೂದು ನೆರಳು. ಎಡಗಡೆಯ ದೀಪಗಳು ಬರಿಯ ಹಳದಿ ಗುಳ್ಳೆಗಳು. ನಡುವೆ ಕುಣಿಯುತ್ತಿರುವ ಲಾ ಗುಲ್ಯೂಳ ಲಂಗದ ಬಿಳುಪನ್ನು ಹತ್ತಿರ ಹೋಗಿ ನೋಡಿ. ಅಲ್ಲಿ ಮಸಿಯೇ ಇಲ್ಲ, ಅದು ಬರಿಯ ಕಾಗದ.