ಬೆಳ್ಳಿ ಬಿಟ್ಟವರು ಯಾರು ಸ್ವಾಮಿ?

ನಮಸ್ಕಾರ. ಮದ್ದೂರಿನಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ದೊರೆಗಳು ಚಿನ್ನ ಬೆಳ್ಳಿ ದೇಶ ಬಿಟ್ಟು ಹೋಗದ ಹಾಗೆ ಹೇಗೆ ಹಿಡಿದಿಟ್ಟರು ಅನ್ನುವ ವಿಷಯ ಚೆನ್ನಾಗಿದೆ. ಓದಿಕೊಂಡು ಬರೆದಿದ್ದೀರಿ, ಕಾಗುಣಿತ ತಪ್ಪಿಲ್ಲ. ಸಂತೋಷ. ಇನ್ನು ಬೈಗುಳ.

ಮೊದಲ ಸಾಲು: “ಪ್ರಾಚೀನ ಕಾಲದಲ್ಲಿ ಅಮೂಲ್ಯ ಲೋಹಗಳ ರಫ್ತನ್ನು ನಿಷೇಧಿಸಲಾಗಿತ್ತು.” ಎಂಥ ಪ್ರಾಚೀನ? ನೀವು ಹೇಳುತ್ತಿರುವುದು 1600ರ ಕಥೆ. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿಯೋಕೆ ಇನ್ನು ಹತ್ತೇ ವರ್ಷ ಇತ್ತು, ಅಷ್ಟು ಹತ್ತಿರದ್ದು. ‘ಅಮೂಲ್ಯ ಲೋಹ’ ಅನ್ನುವ ಮಾತನ್ನು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಹೋಗಲಿ ಬಿಡಿ. ನನಗೆ ಮೈ ಉರಿದದ್ದು, ಮಾಡಿದವರು ಯಾರು ಅನ್ನುವುದನ್ನೇ ನುಂಗಿಬಿಡುವ ಆ ‘ಲಾಗಿತ್ತು’ ನೋಡಿ.

ಆರನೇ ಸಾಲು: “ಆದಾಗ್ಯೂ ಕಂಪನಿಗೆ ಬೆಳ್ಳಿ ಒಯ್ಯಲು ಅನುಮತಿ ನೀಡಲಾಯಿತು.” ನೀಡಿದ್ದು ಯಾರು? ರಾಣಿ ಎಲಿಜಬೆತ್! ಈಸ್ಟ್ ಇಂಡಿಯಾ ಕಂಪನಿಗೆ 1600ರ ಡಿಸೆಂಬರ್ 31ರಂದು ಕೊಟ್ಟ ಸನ್ನದಿನಲ್ಲಿ, ಒಂದೊಂದು ಯಾನಕ್ಕೆ 30,000 ಪೌಂಡಿನಷ್ಟು ಬೆಳ್ಳಿ ಒಯ್ಯಿರಿ, ಆದರೆ ಅದರಲ್ಲಿ 6,000 ಪೌಂಡಿನಷ್ಟನ್ನು ಮೊದಲು ನಮ್ಮ ಟಂಕಸಾಲೆಯಲ್ಲೇ ನಾಣ್ಯ ಮಾಡಿಸಬೇಕು ಅಂತ ಷರತ್ತು ಹಾಕಿದವಳು ಅವಳು. ನೀವು ಲೇಖನದ ಉದ್ದಕ್ಕೂ ‘ರಾಜರು’ ಅಂತಲೇ ಬರೆದಿದ್ದೀರಿ.

ಇಪ್ಪತ್ತೆರಡನೇ ಸಾಲಿಗೆ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. “ವಿಶೇಷ ನಾಣ್ಯಗಳನ್ನೂ ಟಂಕಿಸಲಾಯಿತು.” ಅಯ್ಯೋ! ಕಥೆ ಇರುವುದೇ ಅಲ್ಲಿ ಅಲ್ವಾ? ಕಂಪನಿಯವರು ಮೆಣಸು ಕೊಳ್ಳೋಕೆ ಹೋಗುವ ಊರುಗಳಲ್ಲಿ ಜನಕ್ಕೆ ಗೊತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ ರಿಯಾಲ್. ಕಂಪನಿಯ ವ್ಯಾಪಾರಿಗಳಿಗೆ ಅದೇ ಬೇಕಿತ್ತು. ರಾಣಿ ಬಿಡಲಿಲ್ಲ. ಒಂದು ಕಡೆ ತನ್ನ ರಾಜಲಾಂಛನ, ಇನ್ನೊಂದು ಕಡೆ ಕೋಟೆಬಾಗಿಲಿಗೆ ಮೇಲಿಂದ ಇಳಿಬಿಡುತ್ತಾರಲ್ಲ, ಆ ಕಬ್ಬಿಣದ ಜಾಲರಿ, ತೂಕ ಮಾತ್ರ ಸರಿಯಾಗಿ ಸ್ಪೇನಿನ ನಾಣ್ಯದ್ದೇ, ಹಾಗೆ ಹೊಸ ನಾಣ್ಯ ಹೊಡೆಸಿದಳು. ಅಲ್ಲಿನ ವರ್ತಕರಿಗೆ ಅದರ ಗುರುತೇ ಇಲ್ಲ, ನಡೆಯಲಿಲ್ಲ. ಬೆಳ್ಳಿಯನ್ನು ಹೊರಗೆ ಬಿಡುತ್ತಾ ಅದರ ಬೆನ್ನಿಗೆ ಮುಚ್ಚಿದ ಬಾಗಿಲಿನ ಚಿತ್ರ! ಇದಕ್ಕೆ ನೀವು ಕೊಟ್ಟದ್ದು ಮೂರು ಪದ.

ನಾನೂ ಹೀಗೇ ಇದ್ದೆ. ಮಂಡ್ಯದಲ್ಲಿ ಕೆಲಸ ಕಲಿಯುವಾಗ “ಬೆಲ್ಲದ ಬೆಲೆ ಇಳಿಕೆಯಾಗಿದೆ ಎಂದು ತಿಳಿದುಬಂದಿದೆ” ಅಂತ ಬರೆದುಕೊಟ್ಟೆ. ನಮ್ಮ ಹಿರಿಯರು ಕಾಗದ ವಾಪಸ್ ಎಸೆದು, “ಯಾರಿಗಯ್ಯಾ ತಿಳಿದುಬಂತು? ಹೋಗಿ ಕೇಳ್ಕೊಂಡ್ ಬಾ” ಅಂದರು. ಸೈಕಲ್ ತುಳಿದು ಆಲೆಮನೆಗೆ ಹೋದೆ. ಕೊಪ್ಪರಿಗೆ ಮುಂದೆ ನಿಂತಿದ್ದವನು ನನ್ನ ಮುಖವನ್ನೂ ನೋಡದೆ, “ಇಳಿದಿಲ್ಲ, ದಲ್ಲಾಳಿ ಇಳಿಸ್ದ” ಅಂದ. ಸಂಜೆ ಅದನ್ನೇ ಬರೆದೆ. ಹಿರಿಯರು ಏನೂ ಹೇಳಲಿಲ್ಲ, ಅಚ್ಚಿಗೆ ಕಳಿಸಿದರು. ಅಂಗಿಗೆ ಮೆತ್ತಿದ ಬೆಲ್ಲದ ಪಾಕ ಮೂರು ಒಗೆತಕ್ಕೂ ಹೋಗಲಿಲ್ಲ.

ಇನ್ನೊಂದು. “1663ರಲ್ಲಿ ನಿಷೇಧ ತೆಗೆಯಲಾಯಿತು” ಅಂದಿದ್ದೀರಿ. ಅರ್ಧ ಸರಿ. ಆಗ ಸಂಸತ್ತು ಬಿಟ್ಟದ್ದು ಪರದೇಶದ ನಾಣ್ಯ ಮತ್ತು ಚಿನ್ನ ಬೆಳ್ಳಿಯ ಗಟ್ಟಿಗಳನ್ನು ಮಾತ್ರ. ಇಂಗ್ಲೆಂಡಿನದೇ ನಾಣ್ಯಕ್ಕೆ ತಡೆ 1819ರವರೆಗೂ ಇತ್ತು.

ಕೊನೆಯ ಎರಡು ಪುಟ ನಾನು ಮುಟ್ಟಿಲ್ಲ. ಆ ನಾಣ್ಯದಿಂದ ಶುರು ಮಾಡಿ ಬರೆದು ಕಳಿಸಿ. ‘ಲಾಯಿತು’ ಒಂದು ಕಂಡರೂ ವಾಪಸ್ ಬರುತ್ತೆ.