ಆಕ್ಸಿಜನ್ ಸೆನ್ಸರ್ ಬದಲಿಸಿದರೂ ಲೈಟ್ ಆರದಿದ್ದರೆ

ಪ್ರಶ್ನೆ: ನಮ್ಮದು 2009ರ ಸಣ್ಣ ಪೆಟ್ರೋಲ್ ಕಾರು, 1 ಲಕ್ಷ 20 ಸಾವಿರ ಕಿ.ಮೀ. ಓಡಿದೆ. ಈ ಏಪ್ರಿಲ್‌ನಲ್ಲಿ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗಿ ನಿಂತಿತ್ತು. ರಿಪೇರಿ ಮಾಡಿಸಿದ ಮೇಲೆ ಆ ತೊಂದರೆ ಇಲ್ಲ, ಟೆಂಪರೇಚರ್ ಮುಳ್ಳು ಈಗ ಅರ್ಧಕ್ಕೂ ಏರುವುದಿಲ್ಲ. ಆದರೆ ಮಳೆಗಾಲ ಹಿಡಿದಾಗಿನಿಂದ ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ, ಲೀಟರಿಗೆ 16 ಕೊಡುತ್ತಿದ್ದ ಗಾಡಿ 11ಕ್ಕೆ ಬಂದಿದೆ, ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ ಬೇರೆ. ಸ್ಕ್ಯಾನ್ ಮಾಡಿದಾಗ ಪಿ0135 ಎಂಬ ದೋಷದ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಹದಿನೈದು ದಿನ ಲೈಟ್ ಇರಲಿಲ್ಲ, ಮತ್ತೆ ಬಂತು. ಮೈಲೇಜ್ ಸ್ವಲ್ಪವೂ ಸುಧಾರಿಸಲಿಲ್ಲ. ಇನ್ನೊಂದು ಸೆನ್ಸರ್ ಹಾಕಿಸಬೇಕೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಹಾಕಿಸಿದರೆ ಇನ್ನೊಂದು ಹದಿನೈದು ದಿನ ಲೈಟ್ ಆರಬಹುದು, ಅಷ್ಟೇ.

ಪಿ0135 ಎಂದರೆ "ಸೆನ್ಸರ್ ಹೋಗಿದೆ" ಎಂದಲ್ಲ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಇರುವ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದು. ಆ ಸರ್ಕ್ಯೂಟ್ ಅಂದರೆ ಫ್ಯೂಸ್, ರಿಲೇ, ವೈರ್, ವೈರ್ ಜೋಡಿಸುವ ಕಪ್ಲರ್, ಹೀಟರ್, ಕೊನೆಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಇಷ್ಟರಲ್ಲಿ ಎಲ್ಲಿ ಕಡಿದರೂ ಕೋಡ್ ಒಂದೇ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಇಸಿಯುಗೆ ಹೇಳುವ ಈ ಸೆನ್ಸರ್‌ನ ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್. ಸುಮಾರು 300 ಡಿಗ್ರಿ ದಾಟಿದ ಮೇಲೆಯೇ ಅದು ಕೆಲಸ ಮಾಡುವುದು. ಹೊಗೆಯ ಬಿಸಿಯನ್ನೇ ನಂಬಿ ಕೂತರೆ ತಡವಾಗುತ್ತದೆ ಎಂದು ಒಳಗೊಂದು ಹೀಟರ್ ಇಟ್ಟಿದ್ದಾರೆ. ಹೀಟರ್ ಇಲ್ಲದಿದ್ದರೂ ಸೆನ್ಸರ್ ಸಾಯುವುದಿಲ್ಲ, ನಿಧಾನವಾಗುತ್ತದೆ. ಐಡ್ಲಿಂಗ್‌ನಲ್ಲಿ ತಣ್ಣಗಾಗಿ ಸುಮ್ಮನಾಗಿಬಿಡುತ್ತದೆ. ಅದರ ಮಾತು ಕೇಳಿಸದಷ್ಟು ಹೊತ್ತೂ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ.

ಹದಿನೈದು ದಿನದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹೊಸ ಸೆನ್ಸರ್ ಹಾಕುವಾಗ ಕಪ್ಲರ್ ಬಿಚ್ಚಿ ಹಾಕಿದ್ದಾರೆ, ಕಿಲುಬು ಹಿಡಿದ ಪಿನ್ನು ಸ್ವಲ್ಪ ಉಜ್ಜಿ ಸಂಪರ್ಕ ಕೂತಿದೆ, ಕೋಡ್ ಅಳಿಸಿದ್ದಾರೆ. ಮತ್ತೆ ನಾಲ್ಕು ಜಡಿಮಳೆ ಬಿದ್ದ ಮೇಲೆ ಹಳೇ ಕಥೆ.

ಹಾಗಾಗಿ ಮೊದಲು ಫ್ಯೂಸ್ ನೋಡಿ. ಆಮೇಲೆ ಗಾಡಿಯನ್ನು ಜಾಕ್ ಮೇಲಿಟ್ಟು, ಸ್ಟ್ಯಾಂಡ್ ಕೊಟ್ಟು, ಸೆನ್ಸರ್‌ನಿಂದ ಹೊರಟ ವೈರನ್ನು ಬೆರಳಲ್ಲೇ ಸವರುತ್ತಾ ಕೊನೆತನಕ ಹೋಗಿ. ನಮ್ಮ ಕಡೆಯ ಗಾಡಿಗಳಲ್ಲಿ ಸಿಗುವ ದೋಷ ಹೆಚ್ಚಾಗಿ ಎರಡು. ಕ್ಲಚ್ ಕೆಲಸಕ್ಕೋ ಗೇರ್‌ಬಾಕ್ಸ್ ಕೆಲಸಕ್ಕೋ ಬಿಚ್ಚಿದವರು ವೈರ್ ಹಿಡಿದಿಡುವ ಕ್ಲಿಪ್ ವಾಪಸ್ ಹಾಕಿರುವುದಿಲ್ಲ. ವೈರ್ ಜೋತುಬಿದ್ದು ಸೈಲೆನ್ಸರ್ ಪೈಪಿಗೆ ತಾಗಿ ಕರಗಿರುತ್ತದೆ. ಇನ್ನೊಂದು ಇಲಿ. ಅಡಕೆ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಬಾನೆಟ್ ಒಳಗೆ ಆಷಾಢದಲ್ಲಿ ಬೆಚ್ಚಗಿರುವ ಜಾಗ ಅವಕ್ಕೆ ಬೇರೆ ಎಲ್ಲಿ ಸಿಗಬೇಕು?

ವೈರಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಲು ಮೆಕ್ಯಾನಿಕ್‌ಗಳು ಮೀಟರ್ ಇಡುತ್ತಾರೆ, 12 ವೋಲ್ಟ್ ತೋರಿಸಿದರೆ ವೈರ್ ಸರಿಯಿದೆ ಎಂದುಬಿಡುತ್ತಾರೆ. ಮೋಸ ಹೋಗುವುದೇ ಇಲ್ಲಿ. ಹತ್ತು ಎಳೆಯಲ್ಲಿ ಒಂಬತ್ತು ತುಕ್ಕು ತಿಂದು ಒಂದೇ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಹೀಟರ್ ಎಳೆಯುವ ಕರೆಂಟ್ ಆ ಒಂದು ಎಳೆಯಲ್ಲಿ ಪೂರ್ತಿ ಹರಿಯದೇ ಇರಬಹುದು. ಎಂಜಿನ್ ಚಾಲೂ ಇರುವಾಗ ಕಪ್ಲರ್‌ನ ಹೀಟರ್ ಪವರ್ ಪಿನ್ನಿಗೂ ಬಾಡಿ ಅರ್ತಿಗೂ ನಡುವೆ ಇಂಡಿಕೇಟರ್‌ನಂಥ 12 ವೋಲ್ಟಿನ ಬಲ್ಬ್ ಹಿಡಿಯಲು ಹೇಳಿ. ಬಲ್ಬ್ ಮಂಕಾಗಿ ಉರಿದರೆ ಸೆನ್ಸರ್ ನಿರಪರಾಧಿ. ಪವರ್ ಸರಿಯಿದ್ದರೆ ಹೀಟರ್‌ನ ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. ತಣ್ಣಗಿರುವಾಗ ಮಾಡೆಲ್‌ಗೆ ತಕ್ಕಂತೆ ಸುಮಾರು 2ರಿಂದ 15 ಓಮ್ ಒಳಗಿರುತ್ತದೆ. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ, ಹೊಸ ಸೆನ್ಸರ್ ಆದರೂ ಸರಿ. ಡೂಪ್ಲಿಕೇಟ್ ಮಾಲಿನಲ್ಲಿ ಅದೇನೂ ಅಪರೂಪವಲ್ಲ. ಸೆನ್ಸರ್ ಎರಡಿರುವ ಗಾಡಿಯಾದರೆ ಇನ್ನೊಂದು ಕೇಳಿಕೊಳ್ಳಿ: ಬದಲಿಸಿದ್ದು ಕನ್ವರ್ಟರ್‌ನ ಮುಂದಿನದ್ದನ್ನೋ ಹಿಂದಿನದ್ದನ್ನೋ? ಗಾಡಿ ಅಡಿಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಹಿಂದಿನದು. ಅದರ ಹೀಟರ್‌ಗೆ ಕೋಡ್ ಬೇರೆ, ಪಿ0141.

ವೈರ್ ಕಡಿದಿದ್ದರೆ ಬೆಸುಗೆ ಹಾಕಿಸಬೇಡಿ, ಕ್ರಿಂಪ್ ಮಾಡಿಸಿ, ಅಂದರೆ ತುದಿಗಳನ್ನು ಲೋಹದ ಕೊಳವೆಯಲ್ಲಿ ಒತ್ತಿ ಕೂಡಿಸಿ. ಸೆನ್ಸರ್ ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ ನೋಡುತ್ತದೆ, ಆ ಹೊರಗಿನ ಗಾಳಿ ಎಷ್ಟೋ ಸೆನ್ಸರ್‌ಗಳಲ್ಲಿ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುವುದು. ಸೀಸ ಕರಗಿಸಿ ತುಂಬಿದರೆ ಆ ದಾರಿ ಮುಚ್ಚುತ್ತದೆ. ನೀರು ಹೋಗದಿರಲಿ ಎಂದು ಕಪ್ಲರ್ ತುಂಬ ಗ್ರೀಸ್ ಮೆತ್ತುವುದೂ ಅಷ್ಟೇ ಕೆಟ್ಟದ್ದು. ಕಪ್ಲರ್‌ನ ರಬ್ಬರ್ ಸೀಲ್ ನೋಡಿ, ಹರಿದಿದ್ದರೆ ಬದಲಿಸಿ, ವೈರನ್ನು ಪೈಪಿನಿಂದ ದೂರ ಎತ್ತಿ ಕಟ್ಟಿಸಿ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನೀವು ಸಮಾಧಾನದಿಂದ ಬರೆದ ಸಾಲು: ಮುಳ್ಳು ಅರ್ಧಕ್ಕೂ ಏರುವುದಿಲ್ಲ. ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾದಾಗ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದಾರೆ ಎಂದು ನನ್ನ ಬಲವಾದ ಅನುಮಾನ. ಘಾಟಿ ಹತ್ತುವ ಗಾಡಿಗಳಿಗೆ ಇದು ನಮ್ಮಲ್ಲಿ ಹಳೇ ಮದ್ದು. ಕಾರ್ಬ್ಯುರೇಟರ್ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಇದರ ಬೆಲೆಯನ್ನು ಪೆಟ್ರೋಲ್ ಬಂಕಿನಲ್ಲಿ ಕೊಡುತ್ತೀರಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತದೆ, ಅಲ್ಲಿಯವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ಎಂಜಿನ್ ಬೇಗ ಬಿಸಿಯಾಗುವಂತೆ ನೋಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಬೇಸಿಗೆಯಲ್ಲಿ ಎಂಜಿನ್ ಹೇಗೋ ಹದಕ್ಕೆ ಬರುತ್ತದೆ. ಜುಲೈ ಮಳೆಯಲ್ಲಿ, ಅದರಲ್ಲೂ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಆಕ್ಸಿಲರೇಟರ್ ಮುಟ್ಟದೆ ಬುಡದ ಸೋಮೇಶ್ವರಕ್ಕೆ ಇಳಿಯುವಾಗ, ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇತ್ತ ಸೆನ್ಸರ್‌ನ ಹೀಟರ್ ಸತ್ತಿದೆ, ಹೆಚ್ಚಾಯಿತು ಎಂದು ಹೇಳುವವರಿಲ್ಲ. ವಾಸನೆಯೂ ಮೈಲೇಜೂ ಇಲ್ಲಿಂದಲೇ.

ಥರ್ಮೋಸ್ಟಾಟ್ ಹಾಕಿಸಿ. ಹಾಕಿದ ಮೇಲೆ ಘಾಟಿಯಲ್ಲಿ ಮತ್ತೆ ಬಿಸಿಯಾದರೆ ಮೂಲ ತೊಂದರೆ ರೇಡಿಯೇಟರ್ ಕಟ್ಟಿರುವುದೋ, ಫ್ಯಾನ್ ತಿರುಗದಿರುವುದೋ, ವಾಟರ್ ಪಂಪೋ ಇರಬೇಕು. ಅದನ್ನೇ ಹಿಡಿದು ಸರಿಮಾಡಿಸಿ.

ಪ್ರಶ್ನೆ: ಸೆನ್ಸರ್ ಸರಿಯಿದೆಯೇ ಎಂದು ಮನೆಯಲ್ಲೇ ಮಲ್ಟಿಮೀಟರ್‌ನಿಂದ ನೋಡಬಹುದೇ? ಬಿಚ್ಚಿ ಪೆಟ್ರೋಲ್‌ನಲ್ಲಿ ನೆನೆಸಿ ಬ್ರಷ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ?
— ಸಾಗರದ ಓದುಗರು

ಉತ್ತರ: ನೋಡಬಹುದು. ಡಿಜಿಟಲ್ ಮೀಟರೇ ಆಗಬೇಕು. ನಾಲ್ಕು ವೈರಿನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಹೀಟರ್‌ನವು. ಬಾಷ್ ಮಾದರಿಯಲ್ಲಿ ಅವು ಬಿಳಿ, ಸಿಗ್ನಲ್ ಕಪ್ಪು, ಅರ್ತ್ ಬೂದು. ಡೆನ್ಸೊದಲ್ಲಿ ಹೀಟರ್ ಎರಡೂ ಕಪ್ಪು, ಸಿಗ್ನಲ್ ನೀಲಿ, ಅರ್ತ್ ಬಿಳಿ. ಬಣ್ಣ ತಪ್ಪಿ ತಿಳಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಕಪ್ಲರ್ ಬಿಚ್ಚದೆ, ಹಿಂಭಾಗದಿಂದ ತೆಳ್ಳನೆ ಪಿನ್ ತೂರಿಸಿ ಸಿಗ್ನಲ್‌ಗೂ ಅರ್ತಿಗೂ ನಡುವೆ ಡಿಸಿ ವೋಲ್ಟ್ ನೋಡಿ. ಮೀಟರನ್ನು ಓಮ್‌ಗೆ ಇಟ್ಟು ಸಿಗ್ನಲ್ ವೈರ್ ಮುಟ್ಟಲೇಬೇಡಿ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದರೆ ಮುಂದಿನ ಸೆನ್ಸರ್‌ನ ಅಂಕಿ 0.1ರಿಂದ 0.9 ವೋಲ್ಟ್ ನಡುವೆ ಒಂದೇ ಸಮ ಹತ್ತಿ ಇಳಿಯುತ್ತಿರಬೇಕು. 0.45ಕ್ಕಿಂತ ಮೇಲೆ ಇದ್ದರೆ ಪೆಟ್ರೋಲ್ ಹೆಚ್ಚು, ಕೆಳಗಿದ್ದರೆ ಗಾಳಿ ಹೆಚ್ಚು. ಒಂದೇ ಕಡೆ ನಿಂತರೆ ಅನುಮಾನ ಸರಿ, ತೀರ್ಪು ಇನ್ನೂ ಬೇಡ. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ 0.8 ದಾಟಿ, ಬಿಟ್ಟಾಗ 0.2ಕ್ಕಿಂತ ಕೆಳಗೆ ತಕ್ಷಣ ಇಳಿದರೆ ಸೆನ್ಸರ್ ಜೀವಂತ ಇದೆ, ಅದು ಹೇಳುತ್ತಿರುವ ದೋಷ ಬೇರೆ ಎಲ್ಲೋ ಇದೆ. ತೂಕಡಿಸುತ್ತಾ ಏರಿಳಿದರೆ ಅದಕ್ಕೆ ವಯಸ್ಸಾಗಿದೆ. ಕನ್ವರ್ಟರ್ ಹಿಂದಿನ ಸೆನ್ಸರ್ ಮಾತ್ರ ಹೀಗೆ ಕುಣಿಯಬಾರದು, 0.6-0.7ರ ಸುತ್ತ ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಒಳ್ಳೆಯದು.

ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇಟ್ಟುಕೊಂಡು ಘಾಟಿ ಇಳಿಯುವವರಿಗೆ ಒಂದು ಮಾತು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಸೆನ್ಸರ್ ಸೊನ್ನೆ ಹತ್ತಿರ ತೋರಿಸುತ್ತದೆ. ಅದು ದೋಷವಲ್ಲ.

ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಅಳೆಯುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಒಂದು ಪ್ಲಗ್ ಹೋಗಿ ಮಿಸ್ಸಿಂಗ್ ಹೊಡೆಯುತ್ತಿದೆ ಎನ್ನಿ. ಆ ಸಿಲಿಂಡರಿನ ಪೆಟ್ರೋಲೂ ಸುಟ್ಟಿಲ್ಲ, ಗಾಳಿಯೂ ಸುಟ್ಟಿಲ್ಲ. ನಿಮ್ಮ ಮೂಗಿಗೆ ಪೆಟ್ರೋಲ್ ವಾಸನೆ, ಸೆನ್ಸರ್‌ಗೆ ಕಾಣುವುದು ಬರೀ ಗಾಳಿ. ಇಸಿಯು ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ, ಸೆನ್ಸರ್‌ಗಿಂತ ಮುಂಚೆ, ಎಂಜಿನ್ ಕಡೆ, ಪೈಪ್ ತುಕ್ಕು ಹಿಡಿದು ತೂತಾದರೂ ಇದೇ ಫಲ. ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಕ್ಷಣದಲ್ಲಿ ಪೈಪ್ ಆ ಸಂದಿಯಿಂದ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ವರ್ಷದ ನಾಲ್ಕು ತಿಂಗಳು ನೆನೆಯುವ ಗಾಡಿಗೆ ಪೈಪ್ ತೂತಾಗುವುದು ದೊಡ್ಡ ಸಂಗತಿಯೇನಲ್ಲ, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ 'ಟಿಕ್ ಟಿಕ್' ಸದ್ದು ಕೇಳಿ ನೋಡಿ. ಇವನ್ನೆಲ್ಲ ಬಿಟ್ಟು ಸೆನ್ಸರ್ ಬದಲಿಸುವುದು, ಸಾರಿಗೆ ಉಪ್ಪು ಹೆಚ್ಚಾಯಿತು ಎಂದವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ಪೆಟ್ರೋಲ್‌ನಲ್ಲಿ ನೆನೆಸುವುದು ವ್ಯರ್ಥ, ತಂತಿ ಬ್ರಷ್ ಅಂತೂ ತುದಿಯನ್ನು ಹಾಳುಮಾಡುತ್ತದೆ. ಆದರೆ ಬಿಚ್ಚಿದಾಗ ತುದಿಯ ಬಣ್ಣ ನೋಡಿಕೊಳ್ಳಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿ ಪುಡಿ ಇದ್ದರೆ ಯಾರೋ ಎಂಜಿನ್‌ಗೆ ಸಿಕ್ಕಿದ ಸಿಲಿಕೋನ್ ಪೇಸ್ಟ್ ಮೆತ್ತಿದ್ದಾರೆ ಅಥವಾ ಕೂಲಂಟ್ ಒಳಗೆ ಸೋರುತ್ತಿದೆ. ಕಾರಣ ಸರಿಮಾಡದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಬಿಚ್ಚಲು 22 ಮಿ.ಮೀ. ಸ್ಪ್ಯಾನರ್ ಬೇಕು. ತುಕ್ಕು ಬಿಡಿಸುವ ಎಣ್ಣೆ ರಾತ್ರಿಯೇ ಹೊಡೆದು, ಮರುದಿನ ಪೈಪ್ ಸ್ವಲ್ಪ ಬೆಚ್ಚಗಿರುವಾಗ ತಿರುಗಿಸಿ. ಹಟ ಹಿಡಿದರೆ ಮರೆಯನ್ನು (ಥ್ರೆಡ್) ಕಿತ್ತುಕೊಂಡೇ ಬರುತ್ತದೆ, ಅಲ್ಲಿಗೆ ಬಿಟ್ಟು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ. ಓಡಿಸಿ ಬಂದ ಕೂಡಲೇ ಬಿಸಿ ಸೈಲೆನ್ಸರ್‌ಗೆ ಪೈಪ್ ಹಿಡಿದು ನೀರು ಹೊಡೆಯುವ ಅಭ್ಯಾಸ ಇದ್ದರೆ ಬಿಡಿ. ಕಾದ ಸೆರಾಮಿಕ್ ಸೀಳುತ್ತದೆ.

ಪ್ರಶ್ನೆ: ಎಥನಾಲ್ ಪೆಟ್ರೋಲ್ ಬಂದ ಮೇಲೆಯೇ ನನ್ನ 2011ರ ಕಾರಿನ ಮೈಲೇಜ್ ಇಳಿದದ್ದು. ಅದರಿಂದ ಸೆನ್ಸರ್ ಹಾಳಾಯಿತೇ?
— ಹೊಸನಗರದ ಓದುಗರು

ಉತ್ತರ: ಎಥನಾಲ್‌ನಿಂದ ಸೆನ್ಸರ್ ಹಾಳಾಗುವುದಿಲ್ಲ. ಶುದ್ಧ ಪೆಟ್ರೋಲ್ ಒಂದು ಕಿಲೋ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು, ಶೇ 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು. ಹಾಗಾಗಿ ಹಳೇ ಲೆಕ್ಕದಲ್ಲಿ ಪೆಟ್ರೋಲ್ ಬಿಟ್ಟರೆ ಗಾಳಿ ಉಳಿಯುತ್ತದೆ, ಸೆನ್ಸರ್ ಅದನ್ನು ಹೇಳುತ್ತದೆ, ಇಸಿಯು ಸ್ವಲ್ಪ ಹೆಚ್ಚು ಬಿಡುತ್ತದೆ. ಅದು ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರುವ ಲಕ್ಷಣ. ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಒಂದು ಲೀಟರಿನ ಶಕ್ತಿ ಶೇ 6-7ರಷ್ಟು ಕಡಿಮೆ, ಅಷ್ಟು ಮೈಲೇಜ್ ಇಳಿದರೆ ಸಹಿಸಿಕೊಳ್ಳಬೇಕು. ಅದಕ್ಕಿಂತ ಬಹಳ ಹೆಚ್ಚು ಇಳಿದಿದ್ದರೆ ಎಥನಾಲ್ ಮೇಲೆ ಹೊರಿಸಿ ಕೂರಬೇಡಿ, ಏರ್ ಫಿಲ್ಟರ್, ಪ್ಲಗ್, ಬ್ರೇಕ್ ಹಿಡಿದಿರುವುದು ಎಲ್ಲ ನೋಡಿ. ಹಳೇ ಗಾಡಿಯ ರಬ್ಬರ್ ಪೈಪುಗಳನ್ನೂ ನೋಡಿ, ಅವುಗಳಿಗೆ ಎಥನಾಲ್ ಒಗ್ಗದೇ ಇರಬಹುದು. ಟ್ಯಾಂಕಿಗೆ ನೀರು ಇಳಿದರೆ ಎಥನಾಲ್ ಆ ನೀರಿನ ಜೊತೆ ಸೇರಿ ತಳ ಹಿಡಿಯುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಗಟ್ಟಿಯಿರಲಿ.

ಪ್ರಶ್ನೆ: ಸೆನ್ಸರ್ ವೈರ್ ಕತ್ತರಿಸಿ ಒಂದು ರೆಸಿಸ್ಟರ್ ಹಾಕಿದರೆ ಲೈಟ್ ಬರುವುದಿಲ್ಲ, ಖರ್ಚೂ ಇಲ್ಲ ಎನ್ನುತ್ತಾರೆ. ಗಾಡಿಗೆ ಹದಿನೈದು ವರ್ಷ ತುಂಬಿದೆ, ಆರ್‌ಸಿ ರಿನ್ಯೂವಲ್ ಬೇರೆ ಇದೆ.
— ಶಿವಮೊಗ್ಗ ವಿನೋಬನಗರದ ಓದುಗರು

ಉತ್ತರ: ಹೀಟರ್ ಜಾಗಕ್ಕೆ ರೆಸಿಸ್ಟರ್ ಹಾಕಿದರೆ ಲೈಟ್ ಆರುತ್ತದೆ, ಸೆನ್ಸರ್ ತಣ್ಣಗೇ ಉಳಿಯುತ್ತದೆ. ಹೆಚ್ಚಾದ ಪೆಟ್ರೋಲ್ ಕನ್ವರ್ಟರ್‌ನಲ್ಲಿ ಹೋಗಿ ಉರಿದು ಅದನ್ನು ಕರಗಿಸುತ್ತದೆ, ಆಗಿನ ಖರ್ಚಿನ ಮುಂದೆ ಸೆನ್ಸರ್‌ನ ಬೆಲೆ ಏನೂ ಅಲ್ಲ. ಬಿಎಸ್ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡ) 2, ಬಿಎಸ್ 3 ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಬಿಎಸ್ 4 ಆದರೆ ಶೇ 0.3 ಮತ್ತು 200. ರಿನ್ಯೂವಲ್‌ಗೆ ಹೋಗುವ ಮುಂಚೆ ಒಂದು ಸಲ ಎಂಜಿನ್ ಪೂರ್ತಿ ಬಿಸಿ ಮಾಡಿಕೊಂಡು ಎಮಿಷನ್ ಟೆಸ್ಟ್ ಮಾಡಿಸಿ, ಚೀಟಿಯ ಅಂಕಿ ಓದಿ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಜಾಸ್ತಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಮೇಲೆ ಹೇಳಿದ ಹಾಗೆ ಹೀಟರ್, ಥರ್ಮೋಸ್ಟಾಟ್ ಕಡೆಯಿಂದ ಹುಡುಕಿ. ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಇದ್ದರೆ ಮೊದಲು ಪ್ಲಗ್ ಬಿಚ್ಚಿ.