ಕ್ರಾಸ್ ರಸ್ತೆಯಲ್ಲೊಂದು ಆಟದ ಭಾನುವಾರ

ಪ್ರಶ್ನೆ: ನಮ್ಮ ಕ್ರಾಸಿನಲ್ಲಿ 60 ಮನೆಗಳಿವೆ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಎಲ್ಲ ಮನೆಮಂದಿಗೂ ಪುಕ್ಕಟೆಯಾಗಿ ಆಟ, ತಿಂಡಿ ಇಟ್ಟುಕೊಳ್ಳಬೇಕೆಂದಿದ್ದೇವೆ. ಪಾರ್ಕ್ ಒಳ್ಳೆಯದೋ, ರಸ್ತೆಯೋ?
– ಓದುಗರು, ವಿಜಯನಗರ

ಉತ್ತರ: ರಸ್ತೆಯೇ ಇರಲಿ. ಪಾರ್ಕಿನಲ್ಲಿ ಅಡುಗೆ, ಮೈಕು, ಶಾಮಿಯಾನಕ್ಕೆ ಒಪ್ಪಿಗೆ ಪಡೆಯುವುದು ಕಷ್ಟ. ವಾಕಿಂಗ್ ಬರುವವರ ಮುನಿಸು ಬೇರೆ. ಮೂರು ವಾರ ಮೊದಲೇ ಟ್ರಾಫಿಕ್ ಠಾಣೆಗೂ ನಿಮ್ಮ ಏರಿಯಾದ ಪೊಲೀಸ್ ಠಾಣೆಗೂ ಪ್ರತ್ಯೇಕ ಅರ್ಜಿ ಕೊಡಿ. ಎಲ್ಲಿಂದ ಎಲ್ಲಿಯವರೆಗೆ ರಸ್ತೆ ಮುಚ್ಚುತ್ತೀರಿ, ಎಷ್ಟು ಹೊತ್ತು, ಬದಲಿ ದಾರಿ ಯಾವುದು, ಹೊಣೆ ಹೊರುವ ಇಬ್ಬರ ಫೋನ್ ನಂಬರ್ ಏನು, ಇವೆಲ್ಲ ಅದರಲ್ಲಿರಲಿ. ಮೈಕಿಗೂ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಒಂದು ತುದಿಯಲ್ಲಿ ದೊಡ್ಡ ಬಾಕ್ಸ್ ಇಟ್ಟರೆ ಇನ್ನೊಂದು ತುದಿಗೆ ಕೇಳಿಸಲೆಂದು ವಾಲ್ಯೂಮ್ ಏರುತ್ತಲೇ ಹೋಗುತ್ತದೆ. ಅದರ ಬದಲು ನಾಲ್ಕು ಸಣ್ಣ ಸ್ಪೀಕರ್ ಹಂಚಿ ಇಡಿ.

ನಿಜವಾದ ತಲೆನೋವು ನಿಂತ ಕಾರುಗಳದು. ಗಾಡಿ ನಿಲ್ಲಿಸಿ ಊರಿಗೆ ಹೋದವರನ್ನು ಆ ದಿನ ಯಾರೂ ಹಿಡಿಯಲಾರರು. ವಾರ ಮೊದಲು ಪ್ರತಿ ಮನೆಗೂ ಹೋಗಿ ಹೇಳಿ, ಶನಿವಾರ ಸಂಜೆ ಮತ್ತೆ ಹೇಳಿ. ವಾಟ್ಸಾಪ್ ಮೆಸೇಜನ್ನು ನಂಬಿ ಕೂರಬೇಡಿ. ರಸ್ತೆಗೆ ಅಡ್ಡವಾಗಿ ಹಗ್ಗ, ಕುರ್ಚಿ ಮಾತ್ರ ಇಡಿ, ವಾಹನ ನಿಲ್ಲಿಸಬೇಡಿ. ಆಂಬ್ಯುಲೆನ್ಸ್ ಬಂದರೆ ಅರೆನಿಮಿಷದಲ್ಲಿ ದಾರಿ ಬಿಡುವಂತಿರಬೇಕು. ಸಂಕ್ರಾಂತಿಗೆ ಹತ್ತಿರದ ಭಾನುವಾರ ಬೇಡ, ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ.

ಪ್ರಶ್ನೆ: ಮಕ್ಕಳಿಗೆ ಗಾಳಿ ತುಂಬಿದ ಜಂಪಿಂಗ್ ಕ್ಯಾಸಲ್ ಬಾಡಿಗೆಗೆ ತರಬಹುದೇ?
– ಓದುಗರು, ಯಲಹಂಕ

ಉತ್ತರ: ರಸ್ತೆಯ ಮೇಲಾದರೆ ಬೇಡ ಎನ್ನುತ್ತೇವೆ. ಟಾರಿಗೆ ಗೂಟ ಹೊಡೆಯಲಾಗದು. ಗೂಟವಿಲ್ಲದಿದ್ದರೆ ಕ್ಯಾಸಲನ್ನು ಹಗ್ಗದಿಂದ ಬಿಗಿಯುವ ಪ್ರತಿ ಕಟ್ಟಿಗೂ ಸುಮಾರು 160 ಕೆ.ಜಿ. ಭಾರ ಬೇಕು, ಅಂಥ ಕಟ್ಟು ಕನಿಷ್ಠ ಆರು ಇರಬೇಕು ಎನ್ನುತ್ತದೆ ಯುರೋಪಿನ ಸುರಕ್ಷತಾ ಮಾನದಂಡ. ಬಾಡಿಗೆಯವರು ತರುವುದು ನಾಲ್ಕು ಮರಳು ಮೂಟೆ. ಗಾಳಿ ಗಂಟೆಗೆ 38 ಕಿ.ಮೀ. ದಾಟಿದರೆ ಮಕ್ಕಳನ್ನು ಇಳಿಸಿಬಿಡಬೇಕು. ಏಪ್ರಿಲ್, ಮೇ ಸಂಜೆಗಳಲ್ಲಿ ಬೆಂಗಳೂರಿನ ಗಾಳಿಗೆ ಅದೇನೂ ದೊಡ್ಡ ಮಾತಲ್ಲ.

ಆ ದುಡ್ಡಿಗೆ ಬದಲಾಗಿ ರಸ್ತೆಯ ಮೇಲೇ ದೊಡ್ಡ ಚೌಕಾಬಾರ ಬರೆಯಿರಿ. ಉದ್ದಕ್ಕೂ ಅಗಲಕ್ಕೂ ಐದೈದು ಮನೆ, ಒಂದೊಂದು ಎರಡೂವರೆ ಅಡಿ. ಮಕ್ಕಳೇ ಕಾಯಿಗಳು, ತಂಡಕ್ಕೆ ನಾಲ್ವರಂತೆ ಒಟ್ಟು 16 ಮಂದಿ. ಅಜ್ಜ ಅಜ್ಜಿಯರು ಕುರ್ಚಿಯಲ್ಲಿ ಕೂತು ನಾಲ್ಕು ಕವಡೆ ಹಾಕಲಿ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ‘ಹೊಡೆಸಿಕೊಂಡ’ ಮಗು ಮೊದಲ ಮನೆಗೆ ವಾಪಸ್. ಸೀಮೆಸುಣ್ಣವನ್ನು ನೀರಿನಲ್ಲದ್ದಿ ಎಳೆದರೆ ಗೆರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ರಂಗೋಲಿ ಪುಡಿ ಕಾಲಡಿ ಜಾರುತ್ತದೆ. ಪಕ್ಕದಲ್ಲಿ ಲಗೋರಿ, ಕುಂಟೆಬಿಲ್ಲೆ ಇರಲಿ. ಒಂದೇ ಆಟವಿಟ್ಟರೆ ಸಾಲು ಬೆಳೆದು ಮಕ್ಕಳು ಜಗಳಕ್ಕೆ ಬೀಳುತ್ತವೆ. ಹಗ್ಗ ಜಗ್ಗಾಟವನ್ನು ಮಣ್ಣಿನ ಮೈದಾನಕ್ಕೇ ಬಿಡಿ, ಅಲ್ಲಿಯೂ ನೈಲಾನ್ ಹಗ್ಗ ಬೇಡ: ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ.

ಪ್ರಶ್ನೆ: 200 ಜನಕ್ಕೆ ಮಜ್ಜಿಗೆ, ಚುರುಮುರಿ ಎಷ್ಟು ಬೇಕು?
– ಓದುಗರು, ಬನಶಂಕರಿ

ಉತ್ತರ: ತಲೆಗೆ ಒಂದೂವರೆ ಲೋಟದ ಲೆಕ್ಕದಲ್ಲಿ 60 ಲೀಟರ್ ನೀರುಮಜ್ಜಿಗೆ: ಮೊಸರು 15 ಲೀಟರ್, ನೀರು 45, ಉಪ್ಪು ಸುಮಾರು 350 ಗ್ರಾಂ. ಶುಂಠಿ, ಹಸಿಮೆಣಸಿನಕಾಯಿ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ, ಮಕ್ಕಳ ಗಂಟಲಿಗೆ ಚೂರು ಸಿಗದು. ಮಕ್ಕಳಿಗೆಂದು ಖಾರವಿಲ್ಲದ್ದು 15 ಲೀಟರ್ ಮೊದಲೇ ತೆಗೆದಿಡಿ.

ಮಂಡಕ್ಕಿ 5 ಕೆ.ಜಿ., ಕ್ಯಾರೆಟ್, ಈರುಳ್ಳಿ ಮೂರು ಮೂರು ಕೆ.ಜಿ., ಕೊಬ್ಬರಿ ಎಣ್ಣೆ ಒಂದು ಲೀಟರ್. ಒಂದೇ ಸಲಕ್ಕೆ ಕಲಸಿದರೆ ತರಕಾರಿ ನೀರು ಬಿಟ್ಟು ಹತ್ತು ನಿಮಿಷದಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ. ಹತ್ತು ಜನಕ್ಕೆ ಆಗುವಷ್ಟನ್ನು ಮಾತ್ರ ಕಲಸಿ, ನಿಂಬೆರಸ ಕೊನೆಗೆ. ನ್ಯೂಸ್‌ಪೇಪರ್ ಪೊಟ್ಟಣ ಬೇಡ, ಶಾಯಿ ತಿಂಡಿಗೆ ಹತ್ತುತ್ತದೆ. ಅಡಿಕೆ ಹಾಳೆ ದೊನ್ನೆ ತನ್ನಿ. ಪ್ಲಾಸ್ಟಿಕ್ ಲೋಟಕ್ಕೆ 2022ರ ಜುಲೈ 1ರಿಂದ ದೇಶದೆಲ್ಲೆಡೆ ನಿಷೇಧವಿದೆ, ಮನೆಯಿಂದಲೇ ಲೋಟ ತರಲು ಹೇಳಿ.

ಪ್ರಶ್ನೆ: ಶೌಚಾಲಯಕ್ಕೆ ಏನು ವ್ಯವಸ್ಥೆ?
– ಓದುಗರು, ರಾಜಾಜಿನಗರ

ಉತ್ತರ: ಎರಡು ತುದಿಯಲ್ಲಿ ಒಂದೊಂದು ನೆಲಮಹಡಿ ಮನೆಯವರನ್ನು ಮೊದಲೇ ಒಪ್ಪಿಸಿ, ಬಾಗಿಲಿಗೆ ಚೀಟಿ ಅಂಟಿಸಿ. ಆ ಎರಡೂ ಮನೆಗಳ ಸಂಪಿನಲ್ಲಿ ನೀರಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.